ಆಟಿಸಂ: ಒಂದು ಹೆಸರು, ಹಲವು ಮೂಲ

ಆಟಿಸಂ ಎಂಬುದು ಮಗುವಿನ ನಡವಳಿಕೆಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವ ಕೆಲವು ಲಕ್ಷಣಗಳಿಗೆ ವೈದ್ಯರು ಇಟ್ಟಿರುವ ಹೆಸರು. ಹೆಸರು ಹಿಡಿದು ಕರೆದರೂ ತಿರುಗದಿರುವುದು, ಮುಖ ಕೊಟ್ಟು ನೋಡದಿರುವುದು, ಮಾತು ತಡವಾಗುವುದು ಅಥವಾ ಕೇಳಿದ ಮಾತನ್ನೇ ಮರಳಿ ಒಪ್ಪಿಸುವುದು, ಓರಗೆಯ ಮಕ್ಕಳೊಡನೆ ಬೆರೆಯದಿರುವುದು, ಒಂದೇ ಆಟವನ್ನು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಆಡುವುದು, ಸದ್ದಿಗೂ ಸ್ಪರ್ಶಕ್ಕೂ ಅತಿಯಾಗಿ ಇಲ್ಲವೇ ತೀರ ಕಡಿಮೆ ಸ್ಪಂದಿಸುವುದು ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಸರ್ಕಾರಿ ಕಡತಗಳಲ್ಲಿ ಇದನ್ನು ‘ಸ್ವಲೀನತೆ’ ಎಂದು ಬರೆಯುತ್ತಾರೆ. ಆಸ್ಪತ್ರೆಯಲ್ಲೂ ಮನೆಯಲ್ಲೂ ಆಟಿಸಂ ಎಂಬುದೇ ರೂಢಿ.

ಇದನ್ನು ಪತ್ತೆ ಮಾಡಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಮಗುವನ್ನು ಆಡಿಸಿ ನೋಡಿ, ತಂದೆತಾಯಿಯನ್ನು ವಿಚಾರಿಸಿ ವೈದ್ಯರು ನಿರ್ಧರಿಸುತ್ತಾರೆ. ಲಕ್ಷಣ ನೋಡಿ ಇಟ್ಟ ಹೆಸರಾದ್ದರಿಂದ ಒಂದು ಪ್ರಶ್ನೆ ಮೊದಲಿನಿಂದಲೂ ಉಳಿದುಕೊಂಡಿದೆ. ಈ ಲಕ್ಷಣಗಳ ಹಿಂದೆ ಇರುವುದು ಒಂದೇ ಕಾರಣವೋ, ಬೇರೆ ಬೇರೆ ಕಾರಣಗಳೋ? ಎಂಬತ್ತು ವರ್ಷಗಳ ಶೋಧ ಒಂದೇ ಕಾರಣದ ನಂಬಿಕೆಯಿಂದ ಹಲವು ಕಾರಣಗಳ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸಾಗಿದೆ. ಅದರ ಕೆಲವು ಮುಖ್ಯ ಎಳೆಗಳು ಕರ್ನಾಟಕದ ಆಸ್ಪತ್ರೆ, ಪ್ರಯೋಗಾಲಯ ಮತ್ತು ಮದುವೆಯ ಪದ್ಧತಿಗಳ ಮೂಲಕವೂ ಹಾದುಹೋಗುತ್ತವೆ.

ಹೆಸರಿಗೂ ಮುಂಚೆ

ಹೆಸರು ಬರುವುದಕ್ಕೆ ಮುಂಚೆಯೂ ಇಂಥ ಮಕ್ಕಳು ಇದ್ದರು. ಅವರ ಸ್ಥಿತಿಗೆ ಕಾರಣ ಹೇಳುವ ಪ್ರಯತ್ನವೂ ಇತ್ತು. ಆಯುರ್ವೇದದ ಸುಶ್ರುತ ಸಂಹಿತೆ ಮಕ್ಕಳ ವಿಚಿತ್ರ ನಡವಳಿಕೆ, ಬೆಚ್ಚುವಿಕೆ, ಸೆಟೆತಗಳನ್ನು ಸ್ಕಂದ, ಶಕುನಿ, ರೇವತಿ, ಪೂತನಾ, ನೈಗಮೇಷ ಮೊದಲಾದ ಒಂಬತ್ತು ಬಾಲಗ್ರಹಗಳಿಗೆ ಸೇರಿಸಿ ವಿವರಿಸುತ್ತದೆ. ಒಂದೊಂದು ಗ್ರಹಕ್ಕೂ ಬೇರೆ ಲಕ್ಷಣ, ಬೇರೆ ಉಪಚಾರ. ಇಲ್ಲಿನ ಕಾರಣಗಳು ಇಂದಿನ ವೈದ್ಯಕ್ಕೆ ಒಪ್ಪುವಂಥವಲ್ಲ. ಆದರೆ ಮಕ್ಕಳ ತೊಂದರೆಗಳನ್ನು ಬಗೆಬಗೆಯಾಗಿ ವಿಂಗಡಿಸಬೇಕು ಎಂಬ ಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಕನ್ನಡ ನಾಡಿನ ಮನೆಗಳಲ್ಲಿ ಮಾತು ತಡವಾದ ಮಗುವಿನ ನಾಲಿಗೆಗೆ ಬಜೆ ಬೇರನ್ನು ತೇದು ಹಚ್ಚುವ ರೂಢಿ ಈಗಲೂ ಇದೆ. ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು, ಶೃಂಗೇರಿಗೋ ಕೊಲ್ಲೂರಿಗೋ ಹರಕೆ ಹೊರುವುದು ಇದರ ಜೊತೆಗೇ ನಡೆದುಬಂದವು. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನಿಗೂ ಹೀಗೇ ಆಗಿತ್ತು’ ಎಂಬ ಸಮಾಧಾನದ ಮಾತುಗಳೂ ಇದ್ದವು. ಎರಡನೆಯ ಮಾತು ವಂಶದಿಂದ ಬಂದದ್ದು ಎಂಬ ತಿಳಿವಳಿಕೆಯನ್ನು ತನಗರಿವಿಲ್ಲದೆಯೇ ಹೊತ್ತಿತ್ತು.

ಬ್ರಿಟಿಷ್ ಆಡಳಿತದ ಕಾನೂನು ಇಷ್ಟು ಸೂಕ್ಷ್ಮವಾಗಿರಲಿಲ್ಲ. 1912ರ ಇಂಡಿಯನ್ ಲೂನಸಿ ಆಕ್ಟ್ ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ಒಂದೇ ವ್ಯಾಖ್ಯೆಯೊಳಗೆ ತಂದಿತ್ತು. ಬೆಂಗಳೂರಿನಲ್ಲಿ 19ನೆಯ ಶತಮಾನದ ನಡುಭಾಗದಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಮೈಸೂರು ಸಂಸ್ಥಾನದ ಕಾಲದ ಈ ಆಸ್ಪತ್ರೆ ಮುಖ್ಯವಾಗಿ ದೊಡ್ಡವರಿಗಾಗಿ ಇದ್ದದ್ದು. ಮಾತಾಡದ, ಬೆರೆಯದ ಮಕ್ಕಳಲ್ಲಿ ಹೆಚ್ಚಿನವರು ಊರಿನಲ್ಲೇ, ಮನೆಯವರ ಆರೈಕೆಯಲ್ಲೇ ಬೆಳೆದರು.

ಒಂದೇ ಕಾರಣದ ಹುಡುಕಾಟ

ಆಟಿಸಂ ಎಂಬ ಪದವನ್ನು 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಸ್ಕಿಜೋಫ್ರೇನಿಯಾದ ರೋಗಿಗಳು ತಮ್ಮೊಳಗೇ ಮುಳುಗಿರುವುದನ್ನು ಆತ ಹಾಗೆ ಕರೆದಿದ್ದ. 1925ರಲ್ಲಿ ಮಾಸ್ಕೋದ ಗ್ರುನ್ಯಾ ಸುಖಾರೆವಾ ಆರು ಹುಡುಗರನ್ನು ವಿವರವಾಗಿ ವರ್ಣಿಸಿದಳು. ಇಂದಿನ ಆಟಿಸಂ ವ್ಯಾಖ್ಯೆಗೆ ಅದು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಆ ಲೇಖನ ದಶಕಗಳ ಕಾಲ ಮರೆತುಹೋಗಿತ್ತು.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ 8 ಹುಡುಗರು, 3 ಹುಡುಗಿಯರು ಸೇರಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧವೇ ಆಟಿಸಂನ ಆಧುನಿಕ ಇತಿಹಾಸದ ಆರಂಭ. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಮಾತು ಚೆನ್ನಾಗಿದ್ದೂ ಬೆರೆಯಲಾರದ ಮಕ್ಕಳ ಬಗ್ಗೆ ಬರೆದ. ಕ್ಯಾನರ್ ತನ್ನ ಮೊದಲ ಪ್ರಬಂಧದಲ್ಲಿ ಇದನ್ನು ಹುಟ್ಟಿನಿಂದಲೇ ಬಂದದ್ದೆಂದು ಹೇಳಿದ್ದ. ಅದೇ ಪ್ರಬಂಧದಲ್ಲಿ ತಂದೆತಾಯಿಗಳ ಬೆಚ್ಚಗಿಲ್ಲದ ಸ್ವಭಾವವನ್ನೂ ಪ್ರಸ್ತಾಪಿಸಿದ್ದ. ಮುಂದಿನ ಇಪ್ಪತ್ತು ವರ್ಷ ಮನೋವಿಶ್ಲೇಷಣೆಯ ಪ್ರಭಾವದಲ್ಲಿದ್ದ ವೈದ್ಯಲೋಕ ಆ ಎರಡನೆಯ ಮಾತನ್ನೇ ಹಿಡಿದುಕೊಂಡಿತು. ತಾಯಿಯ ಪ್ರೀತಿಯ ಕೊರತೆಯೇ ಕಾರಣ ಎಂಬ ವಾದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಮತ್ತಷ್ಟು ಹಬ್ಬಿತು.

ಈ ವಾದವನ್ನು ಮೊದಲು ಗಟ್ಟಿಯಾಗಿ ಎದುರಿಸಿದವನು ಆಟಿಸಂ ಇರುವ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್. ಮೂಲ ಮಿದುಳಿನಲ್ಲಿದೆ ಎಂದು ಆತ 1964ರ ಪುಸ್ತಕದಲ್ಲಿ ವಾದಿಸಿದ. 1969ರಲ್ಲಿ ಕ್ಯಾನರ್ ಕೂಡ ತಂದೆತಾಯಿಗಳ ಸಭೆಯೊಂದರಲ್ಲಿ ಅವರನ್ನು ಆರೋಪದಿಂದ ಮುಕ್ತಗೊಳಿಸಿದ. ಕಾರಣದ ಜಾಗ ಮನೆಯಿಂದ ಮಿದುಳಿಗೆ ಸರಿದರೂ ಕಾರಣ ಒಂದೇ ಇರಬೇಕೆಂಬ ನಿರೀಕ್ಷೆ ಹಾಗೆಯೇ ಉಳಿಯಿತು.

ಅವಳಿಗಳು, ರುಬೆಲ್ಲಾ, ಥ್ಯಾಲಿಡೊಮೈಡ್

ಆ ನಿರೀಕ್ಷೆ ಬಿರುಕು ಬಿಟ್ಟದ್ದು 1970ರ ದಶಕದಲ್ಲಿ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟ್ಟರ್ ಇಂಗ್ಲೆಂಡಿನಲ್ಲಿ 21 ಅವಳಿ ಜೋಡಿಗಳ ಮೇಲೆ ನಡೆಸಿದ ಅಧ್ಯಯನವನ್ನು 1977ರಲ್ಲಿ ಪ್ರಕಟಿಸಿದರು. ಪ್ರತಿ ಜೋಡಿಯಲ್ಲೂ ಕನಿಷ್ಠ ಒಂದು ಮಗುವಿಗೆ ಆಟಿಸಂ ಇತ್ತು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಎರಡೂ ಮಕ್ಕಳಿಗೆ ಆಟಿಸಂ ಇತ್ತು. ತದ್ರೂಪಿಯಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಯ ಪಾತ್ರಕ್ಕೆ ಇದು ಮೊದಲ ಬಲವಾದ ಪುರಾವೆ. ತದ್ರೂಪಿಗಳಲ್ಲೂ 7 ಜೋಡಿಗಳಲ್ಲಿ ಒಂದೇ ಮಗುವಿಗೆ ಆಟಿಸಂ ಇದ್ದದ್ದು ಬೇರೆಯ ಅಂಶಗಳಿಗೂ ಜಾಗ ಉಳಿಸಿತು.

ಅದೇ ದಶಕದಲ್ಲಿ ನ್ಯೂಯಾರ್ಕಿನ ಸ್ಟೆಲ್ಲಾ ಚೆಸ್, 1964–65ರ ರುಬೆಲ್ಲಾ ಪಿಡುಗಿನ ಸಮಯದಲ್ಲಿ ಬಸುರಿಯಾಗಿದ್ದ ತಾಯಂದಿರ 243 ಮಕ್ಕಳನ್ನು ಪರೀಕ್ಷಿಸಿದಳು. ಗರ್ಭದಲ್ಲೇ ರುಬೆಲ್ಲಾ ತಗಲಿದ ಈ ಮಕ್ಕಳಲ್ಲಿ 10 ಮಂದಿಗೆ ಪೂರ್ಣ ಪ್ರಮಾಣದ, 8 ಮಂದಿಗೆ ಭಾಗಶಃ ಆಟಿಸಂ ಲಕ್ಷಣಗಳು ಕಂಡವು. ಸಾಮಾನ್ಯ ಮಕ್ಕಳಲ್ಲಿ ಆಗ ಹತ್ತು ಸಾವಿರಕ್ಕೆ ನಾಲ್ಕೈದು ಎಂದು ಎಣಿಸುತ್ತಿದ್ದ ಸ್ಥಿತಿ ಇದು. ಒಂದು ವೈರಸ್ಸು, ಬಸಿರಿನ ಮೊದಲ ತಿಂಗಳುಗಳಲ್ಲಿ, ಕಣ್ಣು ಕಿವಿ ಹೃದಯಗಳ ಜೊತೆಗೆ ಮಿದುಳಿನ ಬೆಳವಣಿಗೆಯನ್ನೂ ಹೀಗೆ ತಿರುಗಿಸಬಲ್ಲದೆಂಬುದು ಸ್ಪಷ್ಟವಾಯಿತು.

1994ರಲ್ಲಿ ಸ್ವೀಡನ್ನಿನಿಂದ ಇನ್ನೊಂದು ಸುಳಿವು ಬಂತು. ತಾಯಿ ಬಸಿರಿನಲ್ಲಿ ತೆಗೆದುಕೊಂಡ ಥ್ಯಾಲಿಡೊಮೈಡ್ ಮಾತ್ರೆಯಿಂದ ಅಂಗವೈಕಲ್ಯ ಹೊಂದಿದ ಸುಮಾರು ನೂರು ಜನರಲ್ಲಿ ನಾಲ್ವರಿಗೆ ಆಟಿಸಂ ಇತ್ತು. ನಾಲ್ವರೂ ಗರ್ಭದ 20ರಿಂದ 24ನೆಯ ದಿನದೊಳಗೆ ಔಷಧಕ್ಕೆ ಒಳಗಾದವರು. ಮುಂದೆ ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಔಷಧವನ್ನು ಬಸಿರಿನಲ್ಲಿ ತೆಗೆದುಕೊಂಡರೂ ಅಪಾಯ ಹೆಚ್ಚುತ್ತದೆಂದು ತಿಳಿಯಿತು.

ಒಂದು ಕಡೆ ವಂಶವಾಹಿ, ಇನ್ನೊಂದು ಕಡೆ ಸೋಂಕು, ಮತ್ತೊಂದು ಕಡೆ ಔಷಧ. ಇವು ಪರಸ್ಪರ ಸಂಬಂಧವಿಲ್ಲದ ದಾರಿಗಳು. ಮುಟ್ಟುವ ಊರು ಮಾತ್ರ ಒಂದೇ. ಅಮೆರಿಕದ ವೈದ್ಯೆ ಮೇರಿ ಕೋಲ್ಮನ್ 1976ರಲ್ಲೇ ತಾನು ಸಂಪಾದಿಸಿದ ಪುಸ್ತಕಕ್ಕೆ ಆಟಿಸಂ ಸಿಂಡ್ರೋಮ್‌ಗಳು ಎಂದು ಬಹುವಚನದ ಶೀರ್ಷಿಕೆ ಕೊಟ್ಟಿದ್ದಳು. ಆ ನಿಲುವು ಎಲ್ಲರ ಒಪ್ಪಿಗೆ ಪಡೆಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಬೆಂಗಳೂರು, ಮೈಸೂರಿನ ಸಂಸ್ಥೆಗಳು

ಕರ್ನಾಟಕದಲ್ಲಿ ಆಟಿಸಂ ಮೊದಲು ಬೇರೆ ಹೆಸರುಗಳ ಮರೆಯಲ್ಲೇ ಆಸ್ಪತ್ರೆಗೆ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆದವು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸ್ಥಾಪನೆ 1965ರಲ್ಲಿ. ಮಗು ಮಾತಾಡುವುದಿಲ್ಲ ಎಂದು ಮೈಸೂರಿಗೆ, ಹಟ ಹೆಚ್ಚು ಎಂದು ನಿಮ್ಹಾನ್ಸಿಗೆ, ಪಿಟ್ಸ್ ಬರುತ್ತದೆ ಎಂದು ನರರೋಗ ವಿಭಾಗಕ್ಕೆ ಜನ ಬರುತ್ತಿದ್ದರು. ಕಿವಿ ಕೇಳದ ಮಗು, ಬುದ್ಧಿಮಾಂದ್ಯ ಮಗು, ಮೂರ್ಛೆಯ ಮಗು ಎಂಬ ಹಣೆಪಟ್ಟಿಗಳ ಕೆಳಗೆ ಆಟಿಸಂ ಲಕ್ಷಣಗಳು ಅಡಗಿದ್ದವು.

ಹೊರನೋಟಕ್ಕೆ ಇದು ಗುರುತಿಸುವಲ್ಲಿ ಆದ ತಡ. ಕಾರಣಗಳ ಪ್ರಶ್ನೆಗೆ ಮಾತ್ರ ಇದರಲ್ಲೇ ಒಂದು ಉತ್ತರವಿತ್ತು. ಮೂರ್ಛೆರೋಗ, ಬುದ್ಧಿಮಾಂದ್ಯ, ಕಿವುಡುತನ, ಜನನದ ವೇಳೆಯ ತೊಂದರೆ ಇವು ಆಟಿಸಂ ಜೊತೆ ಮತ್ತೆ ಮತ್ತೆ ಬರುತ್ತವೆ ಎಂಬುದು ಇಲ್ಲಿನ ಹೊರರೋಗಿ ವಿಭಾಗಗಳ ದಿನನಿತ್ಯದ ಅನುಭವವಾಗಿತ್ತು. ‘ಹುಟ್ಟಿದಾಗ ಮಗು ಅಳಲಿಲ್ಲ’ ಎಂಬುದು ತಾಯಂದಿರು ಮೊದಲು ಹೇಳುವ ಮಾತುಗಳಲ್ಲೊಂದು. 2018ರಲ್ಲಿ ಪ್ರಕಟವಾದ, ಕಾಂಗ್ರಾ, ಪಲ್ವಲ್, ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ ನಡೆದ ದೊಡ್ಡ ಸಮೀಕ್ಷೆ ಇದಕ್ಕೆ ಅಂಕಿಅಂಶದ ಬೆಂಬಲ ಕೊಟ್ಟಿತು. 2ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಆಟಿಸಂ ಸೇರಿದಂತೆ ಒಂದಲ್ಲ ಒಂದು ನರಬೆಳವಣಿಗೆಯ ತೊಂದರೆ ಇತ್ತು. ಮನೆಯಲ್ಲಿ ಹೆರಿಗೆ, ತಡವಾಗಿ ಅಳುವುದು, ಅವಧಿಗೆ ಮುಂಚೆ ಜನನ, ಕಡಿಮೆ ತೂಕ ಇವೆಲ್ಲ ಅಂಥ ತೊಂದರೆಗಳೊಂದಿಗೆ ಸಂಬಂಧ ಹೊಂದಿದ್ದವು.

ಬೆಂಗಳೂರಿನಲ್ಲಿ ನಿಮ್ಹಾನ್ಸಿನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ನಗರ, ಕೊಳೆಗೇರಿ ಹಾಗೂ ಹಳ್ಳಿಗಳ 2,064 ಮಕ್ಕಳ ಮಾನಸಿಕ ಆರೋಗ್ಯದ ಸಮೀಕ್ಷೆಯನ್ನು 2005ರಲ್ಲಿ ಪ್ರಕಟಿಸಿದರು. 1990ರ ದಶಕದ ನಡುವಿನಿಂದ ಆಟಿಸಂಗೆಂದೇ ಮೀಸಲಾದ ‘ಆಶಾ’ದಂಥ ಶಾಲೆಗಳು ಬೆಂಗಳೂರಿನಲ್ಲಿ ಬಂದವು. ವಾಕ್ ತಜ್ಞೆ ಪ್ರತಿಭಾ ಕಾರಂತ ರೂಪಿಸಿದ ‘ಕಾಮ್ ಡೀಲ್’ ತರಬೇತಿ 2000ದಲ್ಲಿ ಆರಂಭವಾಯಿತು.

ಕಾನೂನು ನಿಧಾನವಾಗಿ ಹಿಂಬಾಲಿಸಿತು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. ಹೀಗಾಗಿ ಪ್ರಮಾಣಪತ್ರ ಬೇಕಾದ ಮಗುವನ್ನು ಬುದ್ಧಿಮಾಂದ್ಯ ಎಂದೇ ಬರೆಸಬೇಕಿತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. 2016ರ ಕಾಯ್ದೆ 21 ಅಂಗವೈಕಲ್ಯಗಳಲ್ಲಿ ಅದಕ್ಕೆ ಸ್ಥಾನ ಕೊಟ್ಟಿತು. ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ರೂಪಿಸಿದ 40 ಅಂಶಗಳ ಭಾರತೀಯ ಮಾಪಕದಲ್ಲಿ 70 ಅಥವಾ ಹೆಚ್ಚು ಅಂಕ ಬಂದರೆ ಆಟಿಸಂ ಎಂದು ಗಣನೆ. ಈ ಮಾಪಕ ಅಳೆಯುವುದು ಲಕ್ಷಣಗಳ ತೀವ್ರತೆಯನ್ನು. ಕಾರಣ ಅದರ ವ್ಯಾಪ್ತಿಗೆ ಬರುವುದಿಲ್ಲ.

ಸೋದರ ಸಂಬಂಧ ಮತ್ತು ಒಂದು ಹನಿ ರಕ್ತ

ಕಾರಣಗಳ ಶೋಧಕ್ಕೆ ಕರ್ನಾಟಕದ ಒಂದು ಹಳೆಯ ಪದ್ಧತಿ ಅಪರೂಪದ ಸಾಮಗ್ರಿ ಒದಗಿಸಿತು. ಅದು ಸೋದರ ಸಂಬಂಧದ ಮದುವೆ. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಹಕ್ಕೆಂಬಂತೆ ನಡೆದುಬಂದಿದೆ. ಆಸ್ತಿ ಒಡೆಯದಿರುವುದು, ಮಗಳು ಗೊತ್ತಿದ್ದ ಮನೆಗೇ ಹೋಗುವುದು ಇದರ ಹಿಂದಿನ ಲೆಕ್ಕಾಚಾರ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇರುವಲ್ಲಿ ಇದಕ್ಕೆ ಅವಕಾಶ ಉಳಿಸಿತು.

ತಂದೆತಾಯಿ ಒಂದೇ ವಂಶದವರಾದಾಗ, ಇಬ್ಬರಲ್ಲೂ ಸುಪ್ತವಾಗಿರುವ ಒಂದೇ ದೋಷದ ಜೀನ್ ಮಗುವಿನಲ್ಲಿ ಜೋಡಿಯಾಗಿ ಕೂಡುವ ಸಂಭವ ಹೆಚ್ಚು. ಸೋದರಮಾವ–ಸೊಸೆಯ ಮದುವೆಯಲ್ಲಿ ಹುಟ್ಟಿದ ಮಗುವಿನ ಯಾವುದೇ ಜೀನ್‌ನ ಎರಡು ಪ್ರತಿಗಳೂ ಒಂದೇ ಪೂರ್ವಜರಿಂದ ಬಂದಿರುವ ಸಂಭವ 8ರಲ್ಲಿ 1. ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ 16ರಲ್ಲಿ 1.

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ, ಎ. ರಾಧಾ ರಮಾದೇವಿ ಮೊದಲಾದವರು ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರೊಡನೆ ಕರ್ನಾಟಕದ ನವಜಾತ ಶಿಶುಗಳ ದೊಡ್ಡ ಅಧ್ಯಯನ ಕೈಗೊಂಡರು. ಸುಮಾರು ಒಂದು ಲಕ್ಷ ಶಿಶುಗಳ ರಕ್ತದ ಹನಿಯಲ್ಲಿ ಅಮೈನೋ ಆಮ್ಲಗಳ ಏರುಪೇರನ್ನು ಹುಡುಕಲಾಯಿತು. ತಂದೆತಾಯಿಗಳ ರಕ್ತಸಂಬಂಧವನ್ನೂ ದಾಖಲಿಸಲಾಯಿತು. ಹತ್ತರಲ್ಲಿ ಸುಮಾರು ಮೂರು ದಾಂಪತ್ಯಗಳು ಸೋದರ ಸಂಬಂಧದವು ಎಂದು ಇದರಿಂದ ತಿಳಿಯಿತು. ಇತ್ತೀಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದ ಪ್ರಮಾಣ ಕಾಲುಭಾಗಕ್ಕಿಂತ ಮೇಲೆಯೇ ಇದೆ.

ಆ ಅಧ್ಯಯನದ ಗುರಿ ಆಟಿಸಂ ಆಗಿರಲಿಲ್ಲ. ಆದರೆ ಅದು ಹುಡುಕಿದ ಬಗೆಯ ದೋಷಗಳು ಆಟಿಸಂಗೂ ದಾರಿಯಾಗಬಲ್ಲವು. ಫೀನೈಲ್‌ಕೀಟೋನ್ಯೂರಿಯಾ ಎಂಬ ಅಮೈನೋ ಆಮ್ಲದ ದೋಷಕ್ಕೆ ಚಿಕಿತ್ಸೆ ಸಿಗದ ಮಕ್ಕಳಲ್ಲಿ ಆಟಿಸಂ ಲಕ್ಷಣಗಳು ಕಾಣುತ್ತಿದ್ದವು. ಶಿಶುವಾಗಿದ್ದಾಗಲೇ ಪತ್ತೆ ಹಚ್ಚಿ ಪಥ್ಯ ಮಾಡಿಸಿದರೆ ಅವು ತಪ್ಪುತ್ತವೆ. 2008ರಲ್ಲಿ ಮಧ್ಯಪ್ರಾಚ್ಯ, ಟರ್ಕಿ, ಪಾಕಿಸ್ತಾನಗಳ ರಕ್ತಸಂಬಂಧಿ ಮದುವೆಯ ಕುಟುಂಬಗಳಲ್ಲಿ ನಡೆದ ಅಧ್ಯಯನ, ಜೋಡಿಯಾಗಿ ಕೂಡಿದ ಸುಪ್ತ ಜೀನ್ ದೋಷಗಳು ಕೆಲವರ ಆಟಿಸಂಗೆ ಕಾರಣವೆಂದು ತೋರಿಸಿತು. 2012ರಲ್ಲಿ ಇಂಥದೇ ಕುಟುಂಬಗಳಲ್ಲಿ ಬಿಸಿಕೆಡಿಕೆ ಎಂಬ ಜೀನ್‌ನ ದೋಷ ಪತ್ತೆಯಾಯಿತು. ಅದರಿಂದ ಕವಲು ಸರಪಣಿಯ ಅಮೈನೋ ಆಮ್ಲಗಳು ದೇಹದಲ್ಲಿ ತೀರ ಕಡಿಮೆಯಾಗಿ ಆಟಿಸಂ ಮತ್ತು ಮೂರ್ಛೆ ಒಟ್ಟಿಗೆ ಬರುತ್ತವೆ. ಹೈದರಾಬಾದಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಆಟಿಸಂ ಇರುವ ಮಕ್ಕಳ ತಂದೆತಾಯಿಗಳಲ್ಲಿ ರಕ್ತಸಂಬಂಧ ಹೆಚ್ಚಾಗಿತ್ತು.

ಇದರಿಂದ ಸೋದರ ಸಂಬಂಧವೇ ಆಟಿಸಂ ತರುತ್ತದೆ ಎಂದಾಗುವುದಿಲ್ಲ. ಅಂಥ ಮದುವೆಗಳ ಬಹುಪಾಲು ಮಕ್ಕಳಿಗೆ ಆಟಿಸಂ ಇಲ್ಲ. ಆಟಿಸಂ ಇರುವ ಬಹುಪಾಲು ಮಕ್ಕಳು ಸಂಬಂಧದ ಹೊರಗಿನ ಮದುವೆಗಳಲ್ಲೇ ಹುಟ್ಟಿದ್ದಾರೆ. ಹಲವು ಮೂಲಗಳಲ್ಲಿ ಒಂದು ಬಗೆ, ಅಂದರೆ ಸುಪ್ತ ಜೀನ್‌ನ ಬಗೆ, ಈ ಪದ್ಧತಿ ಇರುವಲ್ಲಿ ಹೆಚ್ಚು ಪಾಲು ಪಡೆಯಬಹುದು ಎಂಬುದಷ್ಟೇ ಇದರ ಅರ್ಥ. ಕಾರಣಗಳ ಪಟ್ಟಿ ಒಂದೇ ಇದ್ದರೂ ಅವುಗಳ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗಬಹುದು.

ಮಲೆನಾಡಿನ ಅಂಚಿನಲ್ಲಿ

ಪ್ರದೇಶದ ಪಾತ್ರ ಎಷ್ಟೆಂದು ಅರಿಯಲು ತರೀಕೆರೆ ಸೀಮೆ ಒಳ್ಳೆಯ ಉದಾಹರಣೆ. ಈ ಸೀಮೆಯ ಅಮೃತಾಪುರ ಇರುವುದು ಮಲೆನಾಡು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಜಾಗದಲ್ಲಿ. ಪಶ್ಚಿಮಕ್ಕೆ ಭದ್ರಾ ಕಣಿವೆ ಮತ್ತು ಮಳೆಯ ಬೆಟ್ಟಗಳು; ಪೂರ್ವಕ್ಕೆ ಅಜ್ಜಂಪುರ, ಕಡೂರಿನ ಒಣಭೂಮಿ. ಒಂದೇ ಜಿಲ್ಲೆಯಲ್ಲಿ ಮಣ್ಣು, ನೀರು, ಊಟ, ಮದುವೆಯ ಪದ್ಧತಿ ಎಲ್ಲವೂ ಕೆಲವೇ ಮೈಲಿಗಳಲ್ಲಿ ಬದಲಾಗುತ್ತವೆ.

ಚಿಕ್ಕಮಗಳೂರು ಜಿಲ್ಲೆ ಅಯೋಡಿನ್ ಕೊರತೆಯಿಂದ ಬರುವ ಗಳಗಂಡಕ್ಕೆ ಹೆಸರಾಗಿತ್ತು. ಜೋರು ಮಳೆ ಬೆಟ್ಟದ ಮಣ್ಣಿನ ಅಯೋಡಿನ್ ಅನ್ನು ತೊಳೆದುಕೊಂಡು ಹೋಗುತ್ತದೆ. ಅಲ್ಲಿ ಬೆಳೆದ ಧಾನ್ಯ, ಸೊಪ್ಪಿನಲ್ಲೂ ಅದು ಕಡಿಮೆ. ಬಸುರಿಯ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಾಲದಿದ್ದರೆ ಮಗುವಿನ ಮಿದುಳು ಸರಿಯಾಗಿ ಬೆಳೆಯದೆ ಬುದ್ಧಿಮಾಂದ್ಯ, ಕಿವುಡುತನ ಬರಬಹುದು. ಭಾರತ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಎಲ್ಲ ಅಡುಗೆ ಉಪ್ಪಿಗೂ ಅಯೋಡಿನ್ ಬೆರೆಸುವ ತೀರ್ಮಾನ 1984ರಲ್ಲಿ ಆಯಿತು. ಅಯೋಡಿನ್ ಕೊರತೆ ಆಟಿಸಂಗೆ ಕಾರಣವೆಂದು ಆಗ ಯಾರೂ ಯೋಚಿಸಿರಲಿಲ್ಲ. 2013ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಂ ನಗರದ ಅಧ್ಯಯನವೊಂದು, ಬಸಿರಿನ ಆರಂಭದಲ್ಲಿ ಥೈರಾಯ್ಡ್ ಹಾರ್ಮೋನು ತೀರ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಲಕ್ಷಣಗಳ ಸಂಭವ ಸುಮಾರು ನಾಲ್ಕು ಪಟ್ಟು ಎಂದು ತೋರಿಸಿತು. ಇದು ಸಂಬಂಧದ ಸೂಚನೆ, ಅಂತಿಮ ರುಜುವಾತಲ್ಲ. ಆದರೂ ಒಂದು ಚಿಟಿಕೆ ಉಪ್ಪಿನ ವಿಷಯವೂ ಕಾರಣಗಳ ಪಟ್ಟಿಯಲ್ಲಿ ಪರಿಗಣನೆಗೆ ಬಂತು.

ಇದೇ ಮಲೆನಾಡಿನಲ್ಲಿ ಕಾರಣ ಹುಡುಕುವ ಕೆಲಸದ ಇನ್ನೊಂದು ಪಾಠವಿದೆ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲು, ಸೊಂಟದ ಮೂಳೆ ಸವೆದು ನಡೆಯಲಾರದಾಗುವ ಕಾಯಿಲೆ ಬೆಳಕಿಗೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಬಡ ಸಮುದಾಯಗಳಲ್ಲಷ್ಟೇ ಅದು ಕಂಡಿತು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಊಹೆ ಮೊದಲು ಹಬ್ಬಿತು. ಆಮೇಲೆ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆ ಬೆಳವಣಿಗೆಯ ದೋಷವೆಂದು 1990ರ ದಶಕದಲ್ಲಿ ವೈದ್ಯರು ನಿರ್ಣಯಿಸಿದರು. ಅಲ್ಲಿ ಕೆಲವೇ ಸಮುದಾಯಗಳು, ಒಂದೇ ಬಗೆಯ ಮೂಳೆಯ ಚಿತ್ರ, ವಂಶವೃಕ್ಷದಲ್ಲಿ ಒಂದೇ ಕ್ರಮ ಇದ್ದದ್ದರಿಂದ ಒಂದೇ ಮೂಲದ ಕಡೆಗೆ ಕೈ ತೋರಿಸಲು ಸಾಧ್ಯವಾಯಿತು. ಆಟಿಸಂ ಎಲ್ಲ ಜಾತಿ, ಎಲ್ಲ ದೇಶ, ಎಲ್ಲ ಅಂತಸ್ತಿನಲ್ಲೂ ಇದೆ. ವಂಶವೃಕ್ಷಗಳಲ್ಲಿ ಒಂದೇ ಕ್ರಮವಿಲ್ಲ. ಮಿದುಳಿನ ಚಿತ್ರಗಳಲ್ಲಿ ಎಲ್ಲರಿಗೂ ಹೊಂದುವ ಒಂದು ಗುರುತಿಲ್ಲ. ಒಂದೇ ಮೂಲದ ಕಾಯಿಲೆ ಹೇಗಿರುತ್ತದೆ ಎಂದು ಹಂದಿಗೋಡು ತೋರಿಸಿದರೆ, ಆಟಿಸಂ ಹಾಗಿಲ್ಲ ಎಂಬುದು ಹೋಲಿಕೆಯಿಂದಲೇ ತಿಳಿಯುತ್ತದೆ.

ಜೀನ್‌ಗಳ ಕಾಲ

1991ರಲ್ಲಿ ಫ್ರಾಜೈಲ್ ಎಕ್ಸ್ ಸಿಂಡ್ರೋಮ್‌ಗೆ ಕಾರಣವಾದ ಎಫ್‌ಎಂಆರ್1 ಜೀನ್ ಸಿಕ್ಕಿತು. ಈ ದೋಷವಿರುವ ಹುಡುಗರಲ್ಲಿ ಅನೇಕರಿಗೆ ಆಟಿಸಂ ಲಕ್ಷಣಗಳಿವೆ. ಆದರೆ ಆಟಿಸಂ ಇರುವ ನೂರು ಮಕ್ಕಳಲ್ಲಿ ಈ ದೋಷ ಸಿಗುವುದು ಕೆಲವೇ ಮಕ್ಕಳಲ್ಲಿ. 1999ರಲ್ಲಿ ರೆಟ್ ಸಿಂಡ್ರೋಮ್‌ನ ಎಂಇಸಿಪಿ2 ಜೀನ್ ಪತ್ತೆಯಾಯಿತು. ಒಂದು ಕಾಲಕ್ಕೆ ಆಟಿಸಂ ಗುಂಪಿನಲ್ಲೇ ಎಣಿಸುತ್ತಿದ್ದ ರೆಟ್ ಅನ್ನು 2013ರ ಅಮೆರಿಕನ್ ವರ್ಗೀಕರಣ ಆ ಗುಂಪಿನಿಂದ ಹೊರಗಿಟ್ಟಿತು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಜೀನ್ ದೋಷದ ಕಾಯಿಲೆ ಇರುವವರಲ್ಲಿ ಅರ್ಧದಷ್ಟು ಜನರಿಗೆ ಆಟಿಸಂ ಇರುತ್ತದೆ. 2003ರಲ್ಲಿ ನ್ಯೂರೊಲಿಗಿನ್, 2007ರಲ್ಲಿ ಶ್ಯಾಂಕ್3 ಎಂಬ, ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಸಂಧಿಗೆ ಸೇರಿದ ಜೀನ್‌ಗಳು ಪಟ್ಟಿಗೆ ಬಂದವು.

2007ರಲ್ಲೇ ಇನ್ನೊಂದು ಮುಖ್ಯ ಸಂಗತಿ ಹೊರಬಿತ್ತು. ಕೆಲವು ಮಕ್ಕಳ ವರ್ಣತಂತುಗಳಲ್ಲಿ ತಂದೆತಾಯಿ ಇಬ್ಬರಲ್ಲೂ ಇಲ್ಲದ ತುಂಡು ಹೆಚ್ಚಾಗಿರುತ್ತದೆ ಅಥವಾ ಕಡಿಮೆಯಾಗಿರುತ್ತದೆ. ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದಿದ್ದರೂ ಮಗುವಿನಲ್ಲಿ ಹೊಸದಾಗಿ ಜೀನ್ ಬದಲಾವಣೆ ಆಗಬಹುದು ಎಂದು ಇದರಿಂದ ತಿಳಿಯಿತು. 2020ರ ಒಂದು ದೊಡ್ಡ ಅಧ್ಯಯನ ಆಟಿಸಂಗೆ ಸಂಬಂಧಿಸಿದ 102 ಜೀನ್‌ಗಳನ್ನು ಗುರುತಿಸಿತು. ಇದರ ಜೊತೆಗೆ ಸಾವಿರಾರು ಸಾಮಾನ್ಯ ಜೀನ್ ವ್ಯತ್ಯಾಸಗಳಿವೆ. ಒಂದೊಂದೂ ಕಡಲೆಯಷ್ಟು ತೂಕದ್ದು. ಕೂಡಿದಾಗ ತಕ್ಕಡಿ ಬಾಗುತ್ತದೆ. ಐದು ದೇಶಗಳ ದಾಖಲೆ ಆಧರಿಸಿದ 2019ರ ಲೆಕ್ಕದಂತೆ ಆಟಿಸಂ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದ ಶೇ 80ರಷ್ಟು ಪಾಲು ವಂಶವಾಹಿಗೆ ಸೇರಿದ್ದು.

ಮನಶ್ಶಾಸ್ತ್ರದ ಕಡೆಯಿಂದಲೂ ಒಂದೇ ಕಾರಣದ ಆಸೆ ಕುಸಿಯಿತು. ಇತರರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲಾಗದಿರುವುದೇ ಆಟಿಸಂನ ಮೂಲ ಎಂಬ ಸಿದ್ಧಾಂತ 1985ರಿಂದ ಪ್ರಬಲವಾಗಿತ್ತು. ಲಂಡನ್ನಿನ ಫ್ರಾನ್ಸೆಸ್ಕಾ ಹ್ಯಾಪೆ, ಏಂಜೆಲಿಕಾ ರೊನಾಲ್ಡ್ ಮತ್ತು ರಾಬರ್ಟ್ ಪ್ಲೋಮಿನ್ 2006ರಲ್ಲಿ, ಅವಳಿಗಳ ಮಾಹಿತಿ ಆಧರಿಸಿ, ಬೆರೆಯುವ ತೊಂದರೆ, ಸಂವಹನದ ತೊಂದರೆ, ಒಂದೇ ಬಗೆಯ ವರ್ತನೆ ಇವು ಬಹುಮಟ್ಟಿಗೆ ಬೇರೆ ಬೇರೆ ಜೀನ್‌ಗಳಿಂದ ಬರುತ್ತವೆಂದು ವಾದಿಸಿದರು. ಅಂದರೆ ಒಂದೇ ಮಗುವಿನಲ್ಲೂ ಮೂರು ಲಕ್ಷಣಗಳಿಗೆ ಮೂರು ಮೂಲಗಳಿರಬಹುದು. 2025ರಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಲಕ್ಷಣಗಳನ್ನು ವಿಶ್ಲೇಷಿಸಿದ ಅಮೆರಿಕನ್ ಅಧ್ಯಯನ ಅವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿತು. ಗುಂಪಿನಿಂದ ಗುಂಪಿಗೆ ಜೀನ್ ಬದಲಾವಣೆಗಳ ಬಗೆಯೂ ಬೇರೆಯಾಗಿತ್ತು.

ಬೆಂಗಳೂರಿನ ಪ್ರಯೋಗಾಲಯಗಳು ಈ ಹಂತದಲ್ಲಿ ನೇರವಾಗಿ ಪಾಲ್ಗೊಂಡವು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಫ್ರಾಜೈಲ್ ಎಕ್ಸ್ ದೋಷವಿರುವ ಇಲಿಗಳಲ್ಲಿ, ಭಯ ಮತ್ತು ಭಾವನೆಗೆ ಸಂಬಂಧಿಸಿದ ಅಮಿಗ್ಡಾಲ ಭಾಗದ ನರಸಂಧಿಗಳ ದೋಷವನ್ನೂ ಔಷಧದಿಂದ ಅದನ್ನು ಭಾಗಶಃ ಸರಿಪಡಿಸಬಹುದೆಂಬುದನ್ನೂ 2010ರಲ್ಲಿ ವರದಿ ಮಾಡಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಸಿನ್‌ಗ್ಯಾಪ್1 ಜೀನ್‌ನ ದೋಷದ ಮೇಲೆ ಕೆಲಸ ಮಾಡುತ್ತಿದೆ. ಆ ದೋಷವಿದ್ದರೆ ನರಸಂಧಿಗಳು ಕಾಲಕ್ಕೆ ಮುಂಚೆಯೇ ಬಲಿತುಬಿಡುತ್ತವೆ. ಕಲಿಯುವ ಅವಧಿ ಮೊಟಕಾಗುತ್ತದೆ. ಕಾರಣ ಬೇರೆ ಬೇರೆ ಎಂದ ಮೇಲೆ ಒಂದೊಂದು ಕಾರಣವನ್ನೂ ಪ್ರತ್ಯೇಕವಾಗಿ ಹಿಡಿದು, ಅದಕ್ಕೆ ತಕ್ಕ ಚಿಕಿತ್ಸೆ ಹುಡುಕುವುದೇ ಈ ಸಂಶೋಧನೆಗಳ ಕ್ರಮ.

ಹಲವು ಮೂಲಗಳಿದ್ದರೆ ಲಕ್ಷಣಗಳು ಒಂದೇ ಬಗೆಯಾಗಿ ಕಾಣುವುದೇಕೆ? ಇದಕ್ಕೂ ಭಾಗಶಃ ಉತ್ತರ ಸಿಕ್ಕಿದೆ. ಪತ್ತೆಯಾದ ಜೀನ್‌ಗಳಲ್ಲಿ ಹೆಚ್ಚಿನವು ಎರಡು ಕೆಲಸಗಳಿಗೆ ಸೇರಿದವು: ನರಸಂಧಿಯ ರಚನೆ, ಮತ್ತು ಇತರ ಜೀನ್‌ಗಳನ್ನು ಯಾವಾಗ ಚುರುಕುಗೊಳಿಸಬೇಕೆಂಬ ನಿಯಂತ್ರಣ. ಇವುಗಳಲ್ಲಿ ಅನೇಕವು ಗರ್ಭದ ನಡುವಿನ ತಿಂಗಳುಗಳಲ್ಲಿ ಮಿದುಳಿನ ಹೊರಪದರ ರೂಪುಗೊಳ್ಳುವಾಗ ಸಕ್ರಿಯವಾಗಿರುತ್ತವೆ. ರುಬೆಲ್ಲಾ, ಔಷಧ, ಅಕಾಲ ಜನನ ಇವೂ ಬೆಳೆಯುತ್ತಿರುವ ಮಿದುಳಿನ ಮೇಲೆಯೇ ಪರಿಣಾಮ ಮಾಡುತ್ತವೆ. ಆರಂಭ ಹಲವು ಕಡೆಯಾದರೂ ನಡುವೆ ಕೆಲವೇ ಕಣಿವೆಗಳ ಮೂಲಕ ಹಾದುಹೋಗಬೇಕಾಗುತ್ತದೆ.

ಕೈಬಿಟ್ಟ ಕಾರಣಗಳು

ಹಲವು ಕಾರಣಗಳಿವೆ ಎಂದರೆ ಹೇಳಿದ್ದೆಲ್ಲವೂ ಕಾರಣ ಎಂದಲ್ಲ. ತಾಯಿಯ ವಾತ್ಸಲ್ಯದ ಕೊರತೆ ಎಂಬ ವಾದ ಸಂಪೂರ್ಣವಾಗಿ ಬಿದ್ದುಹೋಗಿದೆ. ದಡಾರ ಸೇರಿದ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧವಿದೆಯೆಂದು ಸೂಚಿಸಿ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಲಕ್ಷಾಂತರ ಮಕ್ಕಳ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸ್‌ಆ್ಯಪ್ ವದಂತಿಗಳು ಅನೇಕ ಪಾಲಕರನ್ನು ಹೆದರಿಸಿದವು. ಸ್ಟೆಲ್ಲಾ ಚೆಸ್ ಅವರ ಅಧ್ಯಯನ ತೋರಿಸಿದ್ದು ಇದಕ್ಕೆ ವಿರುದ್ಧವಾದುದನ್ನು: ಬಸಿರಿನಲ್ಲಿ ರುಬೆಲ್ಲಾ ತಪ್ಪಿಸಿದರೆ ಆಟಿಸಂನ ಒಂದು ಖಚಿತ ಕಾರಣವೇ ತಪ್ಪುತ್ತದೆ.

ಇಂದಿನ ಸ್ಥಿತಿ

ಆಟಿಸಂಗೆ ಹಲವು ಭಿನ್ನ ಮೂಲಗಳಿವೆ ಎಂಬುದು ಈಗ ವಿಜ್ಞಾನದ ಸಾಮಾನ್ಯ ಒಪ್ಪಿಗೆ. ಒಂದು ಮಗುವಿನಲ್ಲಿ ಒಂದೇ ಪ್ರಬಲ ಜೀನ್ ದೋಷವಿರಬಹುದು; ಇನ್ನೊಂದು ಮಗುವಿನಲ್ಲಿ ನೂರಾರು ಸಣ್ಣ ವ್ಯತ್ಯಾಸಗಳು ಕೂಡಿರಬಹುದು; ಮತ್ತೊಂದು ಮಗುವಿನಲ್ಲಿ ವಂಶದ ಒಲವಿನ ಮೇಲೆ ಜನನದ ತೊಂದರೆ ಸೇರಿರಬಹುದು. ಪೂರ್ಣ ಜೀನ್ ಪರೀಕ್ಷೆ ಮಾಡಿದರೂ ಸ್ಪಷ್ಟ ಕಾರಣ ಸಿಗುವುದು ಸಣ್ಣ ಪಾಲಿನ ಮಕ್ಕಳಲ್ಲಿ ಮಾತ್ರ.

ಇದರ ಫಲ ಆಚರಣೆಯಲ್ಲಿ ಎರಡು ಬಗೆ. ಗುರುತಿಸುವುದು, ಪ್ರಮಾಣಪತ್ರ, ಶಾಲೆ, ಮಾತಿನ ತರಬೇತಿ ಇವುಗಳಿಗೆ ಆಟಿಸಂ ಎಂಬ ಒಂದೇ ಹೆಸರು ಸಾಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲಾ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ಹುಡುಕಬೇಕಾದ ಬೆಳವಣಿಗೆಯ ತೊಂದರೆಗಳಲ್ಲಿ ಆಟಿಸಂ ಕೂಡ ಇದೆ. ಅಮೃತಾಪುರದಂಥ ಊರಿನ ಮಗುವಿಗೆ ಮೊದಲ ಬಾಗಿಲು ಆ ಅಂಗನವಾಡಿಯೇ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರ, ಬೇಕಾದರೆ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಕಾರಣ ತಿಳಿಯುವ ತನಕ ತರಬೇತಿಗೆ ಕಾಯಬೇಕಾಗಿಲ್ಲ.

ಕಾರಣವನ್ನು ಪ್ರತ್ಯೇಕವಾಗಿ ಹುಡುಕಬೇಕಾದ ಸಂದರ್ಭಗಳೂ ಇವೆ. ಆಟಿಸಂ ಜೊತೆಗೆ ಪಿಟ್ಸ್ ಇದ್ದರೆ, ಕಲಿತ ಮಾತು ಮರೆತುಹೋಗಿದ್ದರೆ, ಮೈಮೇಲೆ ಬಿಳಿ ಮಚ್ಚೆಗಳಿದ್ದರೆ, ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ, ಮನೆಯಲ್ಲಿ ಇನ್ನೊಂದು ಮಗುವಿಗೂ ಇಂಥದೇ ತೊಂದರೆ ಇದ್ದರೆ ವೈದ್ಯರು ಕಿವಿಯ ಪರೀಕ್ಷೆ, ಇಇಜಿ, ಅಮೈನೋ ಆಮ್ಲ ಮತ್ತು ಥೈರಾಯ್ಡ್ ಪರೀಕ್ಷೆ, ಜೀನ್ ಪರೀಕ್ಷೆಗಳ ಕಡೆಗೆ ನೋಡುತ್ತಾರೆ. ಸಿಗುವ ಉತ್ತರ ಕೆಲವೊಮ್ಮೆ ಪಥ್ಯವನ್ನೋ ಔಷಧವನ್ನೋ ಸೂಚಿಸುತ್ತದೆ. ಅನೇಕ ವೇಳೆ ಮುಂದಿನ ಬಸಿರಿನ ಬಗ್ಗೆ ತಿಳಿದು ನಿರ್ಧರಿಸಲು ನೆರವಾಗುತ್ತದೆ. ಮಗುವಿನ ಆರೈಕೆಗೆ ಒಂದು ಹೆಸರು, ಅದರ ಮೂಲದ ಶೋಧಕ್ಕೆ ಹಲವು ಹೆಸರುಗಳು ಎಂಬ ಈ ಎರಡು ಪದರದ ಕ್ರಮದಲ್ಲೇ ಇಂದಿನ ಆಟಿಸಂ ವೈದ್ಯ ನಡೆಯುತ್ತಿದೆ.